ಪುಟ್ಟ ದೋಣಿಯ ಹೊಸ ತಳ

ಅಂಬಿಗ ಹೊನ್ನಯ್ಯನ ಪುಟ್ಟ ದೋಣಿಯ ತಳ ಕೊಳೆತುಹೋಗಿತ್ತು. ವಾರದೊಳಗೆ ಅದು ಮದುಮಗಳೊಬ್ಬಳನ್ನು ಹೊಳೆ ದಾಟಿಸಬೇಕಿತ್ತು. ಹೊಸ ತಳವಾಗಲು ತಗಡು, ಪ್ಲೈವುಡ್, ಹಲಸಿನ ಹಲಗೆಗಳು ದಡದಲ್ಲಿ ಕಾದಿದ್ದವು.

“ನೀರು ಬಂದು ಮುಟ್ಟಿದರೆ ಏನು ಮಾಡುವಿರಿ?” ಎಂದು ದೋಣಿ ಕೇಳಿತು.

“ಹತ್ತಿರ ಸೇರಿಸುವವನೇ ಅಲ್ಲ ನಾನು,” ಎಂದಿತು ತಗಡು.

“ನನ್ನ ಹೊಳಪು ನೋಡಿಯೇ ಅದು ಜಾರಿಹೋದೀತು,” ಎಂದಿತು ಪ್ಲೈವುಡ್.

ಹಲಸಿನ ಹಲಗೆಗಳು ಸಂಕೋಚದಿಂದ ಹೇಳಿದವು: “ನಾವು ಒಂದಿಷ್ಟು ಕುಡಿಯುತ್ತೇವೆ. ಕುಡಿದರೆ ಮೈ ಉಬ್ಬುತ್ತದೆ. ಆಗ ಒಬ್ಬರನ್ನೊಬ್ಬರು ಬಿಗಿಯಾಗಿ ಒತ್ತಿಕೊಳ್ಳುತ್ತೇವೆ, ನಡುವೆ ಸಂದು ಉಳಿಯುವುದಿಲ್ಲ.”

“ನೀವೇ ಬನ್ನಿ,” ಎಂದಿತು ದೋಣಿ.

ದೋಣಿಯ ಮನಸ್ಸು ಬಲ್ಲ ಹೊನ್ನಯ್ಯ ಆ ಹಲಗೆಗಳನ್ನೇ ಜೋಡಿಸಿದ. ಆಮೇಲೆ ಅಂಬಿಗರ ಪದ್ಧತಿಯಂತೆ ದೋಣಿಯನ್ನು ದಡದಂಚಿನ ನೀರಿನಲ್ಲಿ ಮುಳುಗಿಸಿಟ್ಟ.

ತಗಡು ಗಲಗಲ ನಕ್ಕಿತು. “ಕುಡುಕರನ್ನು ನಂಬಿ ಮುಳುಗಿಹೋಯಿತಲ್ಲಪ್ಪ.”

ಮದುವೆಯ ಬೆಳಿಗ್ಗೆ ಹೊನ್ನಯ್ಯ ದೋಣಿಯನ್ನು ಮೇಲೆತ್ತಿ, ಒಳಗಿನ ನೀರು ಚೆಲ್ಲಿ, ಮತ್ತೆ ಹೊಳೆಗಿಳಿಸಿದ. ಹನಿ ನೀರೂ ಒಳಗೆ ಬರಲಿಲ್ಲ. ಮದುಮಗಳು ರೇಷ್ಮೆ ಸೆರಗನ್ನು ತಳದ ಮೇಲೇ ಹರಡಿಕೊಂಡು ಕುಳಿತು ನಕ್ಕಳು.

ದಡ ಬಿಡುತ್ತ ದೋಣಿ ತಗಡಿಗೆ ಕೂಗಿ ಹೇಳಿತು: “ಅವತ್ತು ಮುಳುಗಿದ್ದು ನಾನಲ್ಲ ಕಣಯ್ಯ, ನನ್ನೊಳಗಿನ ಸಂದುಗಳು.”