ದೆವ್ವವನ್ನು ಓಡಿಸಿದ ಗುದ್ನೆಪ್ಪ

ಶಿವ ಒಬ್ಬರಿಗೆ ಹೊಲ ಕೊಡುತ್ತಾನೆ, ಒಬ್ಬರಿಗೆ ಹಾಲಿನೆಮ್ಮೆ ಕೊಡುತ್ತಾನೆ. ನಿಂಬೆವ್ವನಿಗೆ ಗುದ್ನೆಪ್ಪನನ್ನು ಕೊಟ್ಟ. ಎತ್ತಿನಂಥ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಆಕೆಯ ಗೋಳು.

ನೆರೆಯೂರಿನ ತವರುಮನೆಯಲ್ಲಿದ್ದ ಆಕೆಯ ತಮ್ಮ ದ್ಯಾಮಣ್ಣನಿಗೆ ಒಬ್ಬ ಮಗಳು. "ಅಕ್ಕಾ, ಗುದ್ನ್ಯಾ ಒಂದು ಕೆಲಸ ಕಡೀತನಕ ಮಾಡಿ ಮುಗಿಸಲಿ. ಆಮ್ಯಾಲೆ ಹುಡುಗೀನ ಕೊಡೋ ಮಾತು," ಎಂದುಬಿಟ್ಟಿದ್ದ.

ಅಷ್ಟರಲ್ಲಿ ಊರಾಚೆಯ ಹಾಳು ಹತ್ತಿ ಗಿರಣಿಗೆ ಸಿನಿಮಾದವರು ಬಂದರು. ದೆವ್ವದ ಸಿನಿಮಾ. ಬಸ್ಸು ಕೆಟ್ಟು ನಾಲ್ವರು ಕಾಲೇಜು ಹುಡುಗರು ಗಿರಣಿಯಲ್ಲಿ ಸಿಕ್ಕಿಕೊಳ್ಳುತ್ತಾರೆ, ದೆವ್ವ ಕಾಡುತ್ತದೆ, ಅಷ್ಟೇ ಕತೆ. ಬಡ ಸಿನಿಮಾ! ಹಗಲಲ್ಲೇ ಕಿಟಕಿಗೆ ಕಂಬಳಿ ಕಟ್ಟಿ ರಾತ್ರಿ ಮಾಡಿದ್ದರು. ಹತ್ತಿ ಎಳೆದೆಳೆದು ಜೇಡರ ಬಲೆ ಮಾಡಿದ್ದರು. ನಟಿಸುವ ಹುಡುಗರಿಗೆ ಮೂರು ಹೊತ್ತೂ ಉಪ್ಪಿಟ್ಟು. ಬರೀ ಊಟಕ್ಕೆ ದುಡಿಯುವ ಆಳು ಸಿಕ್ಕನೆಂದು ಗುದ್ನೆಪ್ಪನನ್ನು ಇಟ್ಟುಕೊಂಡರು.

"ನಾವು ಉಂಡು ಬರೋದ್ರೊಳಗೆ ಗಿರಣಿ ಚೊಕ್ಕ ಮಾಡಿಡು," ಎಂದ ಡೈರೆಕ್ಟರ್.

ಮಾಡಿದ! ಬಲೆಯನ್ನೆಲ್ಲ ಕಿತ್ತ. ಹತ್ತಿ ಹಾಳಾಗಬಾರದಲ್ಲ, ಕೂತು ದೇವರಿಗೆ ಬತ್ತಿ ಹೊಸೆದ. ಬುಟ್ಟಿ ತುಂಬ ಬತ್ತಿ!

ಡೈರೆಕ್ಟರ್ ಬೈದು ಅಟ್ಟಿದ. ಪುಕ್ಕಟೆ ಆಳು ಬೇರೆ ಸಿಗದೆ, ನಾಳೆ ಬಾ ಎಂದ. ನಿಂಬೆವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕರ್ಮವೇ! ಅಲ್ಲಿ ಏನೂ ಮುಟ್ಟಬ್ಯಾಡ. ಕೈ ಕಟ್ಟಿಕೊಂಡು ನೋಡಿಕೋತ ನಿಲ್ಲು!"

"ಹೂಂನವ್ವಾ."

ಮರುದಿನ ಕೈ ಕಟ್ಟಿಕೊಂಡು ನಿಂತ. ಒಂದು ಆಡು ಬಂತು. ನಾರಿನಿಂದ ಮಾಡಿದ ದೆವ್ವದ ಕೂದಲಿಗೆ ಬಾಯಿ ಹಾಕಿತು. ನೋಡಿದ. ಅರ್ಧ ತಿಂದಿತು. ನೋಡಿದ. ಪೂರಾ ತಿಂದು ತೇಗಿತು. ಅದನ್ನೂ ನೋಡಿದ.

"ಲೇ ಕೋಣಾ!" ನಿಂಬೆವ್ವ ಕಿರುಚಿದಳು. "ಹೊರಗಿಂದ ಏನಾದ್ರೂ ಒಳಗ ನುಗ್ಗಿದ್ರ ಬಡಿಗಿ ತಗೊಂಡು ಓಡಿಸಬೇಕೋ!"

"ಹೂಂನವ್ವಾ."

ಮರುದಿನ ಬಡಿಗೆ ಹಿಡಿದು ನಿಂತ. ನಾಟಕದ ಕಂಪನಿಯ ಸೋನಾಬಾಯಿ ದೆವ್ವದ ವೇಷದಲ್ಲಿ, ಬಿಳಿ ಸೀರೆಯುಟ್ಟು, "ಹೀ..." ಎಂದು ಒಳನುಗ್ಗಿದಳು. "ಹೋಯ್! ನಡೀ ಹೊರಗ!" ಗುದ್ನೆಪ್ಪ ಬೆನ್ನಟ್ಟಿದ. ದೆವ್ವ ಮುಂದೆ, ಗುದ್ನೆಪ್ಪ ಹಿಂದೆ. ಸೋನಾಬಾಯಿ ಕೆರೆ ಏರಿ ಮೇಲೆ ಕೂತು ಗೊಳೋ ಎಂದು ಅತ್ತಳು. "ನಿಮ್ಮ ಸಿನಿಮಾ ಮುಳುಗಿದ್ರೂ ಸೈ, ನಾನು ಬರಂಗಿಲ್ಲ!" ಬಿಳಿ ಸೀರೆ ಡೈರೆಕ್ಟರೇ ಉಡಬೇಕಾಯಿತು.

"ಅಳೋ ಹೆಣ್ಣುಮಗಳ ಮ್ಯಾಲೆ ಬಡಿಗಿ ಎತ್ತೋದೇನೋ ಪಾಪಿ?" ನಿಂಬೆವ್ವನ ಗಂಟಲು ಬಿದ್ದುಹೋಗಿತ್ತು. "ಅಳೋರನ್ನ ಕಂಡ್ರ ಒಂದು ತಂಬಿಗಿ ನೀರು ಕೊಡಬೇಕು. ಸಮಾಧಾನ ಮಾಡಿ ಮನಿ ಮುಟ್ಟಿಸಬೇಕು. ನಾಳೆ ಒಂದೇ ದಿನ ಐತಿ. ಸಿನಿಮಾ ಮುಗೀತದ. ನಿನ್ನ ಮದುವಿ ಅದರ ಮ್ಯಾಲೇ ನಿಂತೈತಿ!"

"ಹೂಂನವ್ವಾ."

ಮರುದಿನ ಆಕೆ ದೇವರ ಮುಂದೆ ದೀಪ ಹಚ್ಚಿ ಕೂತಳು. ಇವತ್ತೊಂದು ದಿನ ದಾಟಿಸಪ್ಪಾ ಶಿವನೇ.

ಮಧ್ಯಾಹ್ನ ಬಾಗಿಲಲ್ಲಿ ದೆವ್ವ ನಿಂತಿತ್ತು. ಡೈರೆಕ್ಟರು! ಸೆರಗು ಒಂದು ಕಡೆ, ಮೀಸೆ ಒಂದು ಕಡೆ.

"ಕಡೇ ಸೀನಮ್ಮಾ! ನಾನು ಕಂಬದ ಹಿಂದೆ ಸೀರೆ ಸರಿಮಾಡಿಕೊಳ್ತಾ ನಿಂತಿದ್ದೆ. ಹುಡುಗರು 'ನಮ್ಮನ್ನ ಯಾರಾದರೂ ಮನೆ ಮುಟ್ಟಿಸಿ' ಅಂತ ಅಳಬೇಕು, ಅತ್ತರು. ಹಾ ಅಂತ ಹಾರಿದರೆ ಒಬ್ಬರೂ ಇಲ್ಲ! ನಿನ್ನ ಮಗ ನೀರು ಕುಡಿಸಿ, ರಸ್ತೆಗೆ ಕರೆದೊಯ್ದು ಬಸ್ ಹತ್ತಿಸಿಬಿಟ್ಟ!"

"ಅವರಾದ್ರೂ ಯಾಕ ಹೋದ್ರು?"

"ಉಪ್ಪಿಟ್ಟು ತಿಂದು ಸಾಕಾಗಿತ್ತಂತೆ!"

ಡೈರೆಕ್ಟರ್ ಸೀರೆ ಎತ್ತಿಕೊಂಡು ಹೋದ. ನಿಂಬೆವ್ವ ಹೊಸ್ತಿಲ ಮೇಲೆ ಕೂತು ಅತ್ತಳು.

ಅಷ್ಟರಲ್ಲಿ ಗುದ್ನೆಪ್ಪ ಬಂದ. ಅವ್ವ ಅಳುತ್ತಿದ್ದಾಳೆ! ತಂಬಿಗೆ ನೀರು ತಂದ. ಕುಡಿಸಿದ. "ಅಳಬ್ಯಾಡವ್ವಾ, ಮನಿ ಮುಟ್ಟಿಸ್ತೀನಿ."

"ಇದ ನನ್ನ ಮನಿ ಅಲ್ಲೇನೋ ಪೆದ್ದಾ!"

"ಇಲ್ಲೇ ಕುಂತು ಅಳಾಕತ್ತಿ ಅಂದ್ರ ಇದಲ್ಲ. ನಿನ್ನ ತವರುಮನಿ!"

ಹೆಗಲ ಮೇಲೆ ಹೊತ್ತೇಬಿಟ್ಟ. ಬೆನ್ನಿಗೆ ಗುದ್ದಿದಳು, ಕಿವಿ ಹಿಂಡಿದಳು. ಇಳಿಸಲಿಲ್ಲ. ನೆರೆಯೂರಿನ ಓಣಿ ಓಣಿಯ ಜನ ಕದ ತೆರೆದು ನೋಡಿದರು. ಯಾರಿಗೆ ಮುಖ ತೋರಿಸಲು ಆಕೆಗೆ ಆಗುತ್ತಿರಲಿಲ್ಲವೋ ಆ ದ್ಯಾಮಣ್ಣನ ಕಟ್ಟೆಯ ಮೇಲೇ ಇಳಿಸಿದ.

"ಅಕ್ಕಾ! ಏನಿದು?"

ನಿಂಬೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗುದ್ನೆಪ್ಪ ಬೆವರು ಒರೆಸಿಕೊಂಡು ಹಲ್ಲು ಕಿಸಿದ. "ಅತ್ತೋರನ್ನೆಲ್ಲ ಮನಿ ಮುಟ್ಟಿಸಿದೆ ಮಾವಾ. ಅಲ್ಲಿ ಒಬ್ಬರೂ ಉಳಿದಿಲ್ಲ. ಕೆಲಸ ಕಡೀತನಕ ಮುಗಿಸೀನಿ. ಮದುವಿ ಯಾವಾಗ?"