ಕಾಗೆ ಕಲಿತ ಇಂಗ್ಲಿಷು

ಇಂಗ್ಲಿಷ್ ಮೇಷ್ಟರ ಕಿಟಕಿಯಲ್ಲಿ ಕೂತು ಕೂತು ಒಂದು ಕಾಗೆ ದೊಡ್ಡ ದೊಡ್ಡ ಪದಗಳನ್ನು ಕಲಿತುಬಿಟ್ಟಿತು. ಆಮೇಲೆ ಬರೀ ‘ಕಾ’ ಅನ್ನಲು ಅದಕ್ಕೆ ನಾಚಿಕೆ. ಒಂದು ಮಧ್ಯಾಹ್ನ ಗೋಡೆಯ ಮೇಲೆ ಅನ್ನ ಕಂಡು, ಕುಲದ ಪದ್ಧತಿಯಂತೆ ಬಳಗವನ್ನು ಕೂಗಿತು: “ಸಂಪ್ಚುಯಸ್ ಬ್ಯಾಂಕ್ವೆಟ್!”

ಒಬ್ಬರೂ ಬರಲಿಲ್ಲ.

ಬೇವಿನ ಮರದ ಮುದಿ ಕಾಗೆ ಕೇಳಿತು, “ಯಾರನ್ನಪ್ಪಾ ಬೈತಿದ್ದೀಯ?”

“ಬೈತಿಲ್ಲ ಅಜ್ಜೀ, ಊಟಕ್ಕೆ ಕರೀತಿದ್ದೀನಿ.”

“ಕರೆಯೋದು ಅಂದರೆ ನಿಮ್ಮಮ್ಮನದು. ಮೂರು ಬೀದಿಯ ಕಾಗೆಗಳು ಬರ್ತಿದ್ದವು.”

ಅಮ್ಮನ ಒರಟು ಗಂಟಲು, ಅವಳ ಕೊಕ್ಕಿನಿಂದ ತಿಂದ ತುತ್ತು ಕಾಗೆಗೆ ನೆನಪಾದವು. ಅದು ಕೊರಳು ಚಾಚಿ “ಕಾ” ಎಂದಿತು. ಗೋಡೆಯೆಲ್ಲ ಕಪ್ಪಾಯಿತು.

ಕೊನೆಗೆ ಅದಕ್ಕೆ ಉಳಿದದ್ದು ಒಂದೇ ಅಗುಳು. ಅಮ್ಮ ಹೋದ ಮೇಲೆ ಅಷ್ಟು ರುಚಿಯಾದ ಅನ್ನವನ್ನು ಅದು ತಿಂದಿರಲಿಲ್ಲ.