ಅಲುಗದೆ ಕೂತವನು ಮತ್ತು ಕಾಡುಕುದುರೆ

ಸೋಮವಾರ ಬೆಳಗ್ಗೆ ಹೊಳೆದಂಡೆಯ ಆಶ್ರಮದಲ್ಲಿ ಗಂಭೀರ ಘಟನೆಯೊಂದು ನಡೆಯಿತು. ಕುದುರೆ ಮೂರು ಹೆಜ್ಜೆ ಹಿಂದಕ್ಕೆ ಸರಿಯಿತು.

ಪ್ರಾಣಹಾನಿ ಆಗಲಿಲ್ಲ. ಆದರೆ ಶಿಷ್ಯ ಅಡವೆಯ್ಯನ ಮುಖ ನೋಡಿದವರು ಆಗಿದೆ ಎಂದೇ ತಿಳಿದರು.

ಅವನು ಓಡಿಬಂದು ಗುರುಗಳ ಮುಂದೆ ನಿಂತ. ಗುರುಗಳನ್ನು ಆ ಸೀಮೆಯಲ್ಲಿ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಕಟ್ಟೆಯ ಮೇಲೆ ಕೂತು ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದರು.

“ಅಜ್ಜಾರ, ನಿನ್ನೆ ಸಂಜಿಕೆ ಕುದುರಿ ನನ್ನಿಂದ ಹದಿನೇಳು ಹೆಜ್ಜಿ ದೂರ ಇತ್ರಿ. ಇವತ್ತ ಇಪ್ಪತ್ತಾಗೇತಿ.”

“ಅಳದವರು ಯಾರು?”

“ನಾನ ಅಳದೇನ್ರಿ. ಹೆಜ್ಜಿ ಹಾಕಿ ಅಳದೆ.”

“ಹಂಗಂದ್ರ ಅದರ ಕಡೀಗೇ ನಡದಿ.”

“ಹೌದ್ರಿ.”

“ಅದಕ್ಕ ಸರದೈತಿ,” ಎಂದು ಅಜ್ಜಾರು ಮತ್ತೆ ಮುಳ್ಳಿನ ಕಡೆ ತಿರುಗಿದರು.

ಅಡವೆಯ್ಯನಿಗೆ ನಗು ಬರಲಿಲ್ಲ. ಒಂಬತ್ತು ದಿನ ಕಳೆದಿತ್ತು. ಉಳಿದಿದ್ದು ಹನ್ನೆರಡೇ ದಿನ.

ಕುದುರೆ ಹುಟ್ಟಿದ್ದು ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ. ಅದಕ್ಕೆ ಯಾರೂ ಲಗಾಮು ಹಾಕಿರಲಿಲ್ಲ, ಮನುಷ್ಯನ ಕೈ ಅದರ ಮೈಗೆ ತಾಗಿಯೂ ಇರಲಿಲ್ಲ. ನೀರು ಇಳಿದ ಕಾಲದಲ್ಲಿ ಹೊಳೆ ದಾಟಿ ಬಂದು ಊರಿನ ಜೋಳದ ಹೊಲಕ್ಕೆ ಬಿತ್ತು. ಊರವರು ಬಡಿಗೆ ಹಿಡಿದು ಅಟ್ಟಿದರು. ಅದು ದಾರಿ ಕಾಣದೆ ಆಶ್ರಮದ ಹಿತ್ತಲಿಗೆ ನುಗ್ಗಿತು. ಹಿತ್ತಲಿಗೆ ಎತ್ತರದ ಕಲ್ಲುಗೋಡೆ ಇತ್ತು. ಯಾರೋ ಬಾಗಿಲು ಹಾಕಿದರು.

ಮದುವೆಗಳಿಗೆ ಕುದುರೆ ಒದಗಿಸುವ ಫಕೀರಪ್ಪ ಮರುದಿನವೇ ಹಗ್ಗ ತಂದ. ಅವನು ಕುದುರೆ ಪಳಗಿಸುವ ರೀತಿ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಮೂರು ದಿನ ಕಾಲು ಕಟ್ಟುತ್ತಾನೆ, ನೀರು ಕೊಡುವುದಿಲ್ಲ. ನಾಲ್ಕನೇ ದಿನ ಕುದುರೆ ಕೈಗೆ ಬರುತ್ತದೆ.

ಅಡವೆಯ್ಯ ಅಂಥ ಕುದುರೆಯನ್ನು ಒಮ್ಮೆ ಮದುವೆಯ ಮೆರವಣಿಗೆಯಲ್ಲಿ ನೋಡಿದ್ದ. ಅದರ ಮೈಮೇಲೆ ಜರಿಯ ಬಟ್ಟೆ ಇತ್ತು. ಕಣ್ಣಿನಲ್ಲಿ ಏನೂ ಇರಲಿಲ್ಲ.

ಅದಕ್ಕೇ ಅವನು ಊರ ಹಿರಿಯರ ಮುಂದೆ ಎದ್ದು ನಿಂತು, “ಇದನ್ನ ನಾ ಪಳಗಸ್ತೀನಿ, ಹೊಡೀದ, ಕಟ್ಟದ” ಎಂದುಬಿಟ್ಟ. ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಊರಿನ ಯಜಮಾನ ಶಿವನಗೌಡರು ಷರತ್ತು ಹಾಕಿದರು. ಹುಣ್ಣಿಮೆಗೆ ಇಪ್ಪತ್ತೊಂದು ದಿನ ಇದೆ. ಅವತ್ತು ಕುದುರೆ ಕೊರಳಲ್ಲಿ ಹಗ್ಗ ಹಾಕಿಸಿಕೊಂಡು, ಯಾರೂ ಜಗ್ಗದೆ, ಹಿತ್ತಲಿನಿಂದ ಬೇವಿನ ಮರದವರೆಗೆ ನಡೆದು ಬರಬೇಕು. ಬಂದರೆ ಆಶ್ರಮಕ್ಕೆ. ಬಾರದಿದ್ದರೆ ಫಕೀರಪ್ಪನಿಗೆ.

ಅಡವೆಯ್ಯನಿಗೆ ಬರುತ್ತಿದ್ದ ವಿದ್ಯೆ ಒಂದೇ. ಕೂಡುವುದು.

ಹನ್ನೊಂದು ವರ್ಷದಿಂದ ಕೂತು ಕೂತು ಅವನು ಅದರಲ್ಲಿ ಎಲ್ಲರನ್ನೂ ಮೀರಿಸಿದ್ದ. ಪದ್ಮಾಸನ ಹಾಕಿದರೆ ರೆಪ್ಪೆ ಬಡಿಯುತ್ತಿರಲಿಲ್ಲ, ಉಸಿರು ಕೇಳಿಸುತ್ತಿರಲಿಲ್ಲ. ಒಮ್ಮೆ ತಲೆಯ ಮೇಲೆ ಕಾಗೆ ಬಂದು ಕೂತಿತ್ತು. ಅದರ ಬಗ್ಗೆ ಅವನಿಗೆ ಹೆಮ್ಮೆ ಏನೂ ಇರಲಿಲ್ಲ. ಸಿಕ್ಕವರಿಗೆಲ್ಲ ಹೇಳುತ್ತಿದ್ದ, ಅಷ್ಟೆ.

ಹಾಗಾಗಿ ದಿನಾ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಿತ್ತಲಿನ ನಡುವೆ ಕೂತು, ಕಣ್ಣು ಕೀಳದೆ, ಕುದುರೆಯನ್ನೇ ನೋಡಿದ. ಕುದುರೆಯೂ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ದೂರದ ಮೂಲೆಯಲ್ಲಿ ನಿಂತು, ಕಣ್ಣು ಕೀಳದೆ, ಅವನನ್ನೇ ನೋಡಿತು. ಇಬ್ಬರಲ್ಲಿ ಯಾರ ಧ್ಯಾನ ಹೆಚ್ಚು ಗಟ್ಟಿ ಎಂದು ಹೇಳುವುದು ಕಷ್ಟವಿತ್ತು.

ಅಜ್ಜಾರು ದಿನಕ್ಕೊಮ್ಮೆ ಹುಲ್ಲು ಹಾಕಲು ಬರುತ್ತಿದ್ದರು. ಚಪ್ಪಲಿ ಎಳೆಯುತ್ತ ಬರುತ್ತಿದ್ದರು. ಕೆಮ್ಮುತ್ತಿದ್ದರು. ಹೊರೆ ಕೈತಪ್ಪಿ ಬಿದ್ದರೆ ಅದನ್ನು ಬೈಯುತ್ತಿದ್ದರು. ಗೋಡೆಗೆ ಬೆನ್ನು ಉಜ್ಜಿ ತುರಿಸಿಕೊಂಡು ಹೋಗುತ್ತಿದ್ದರು.

ಕುದುರೆ ಅವರ ಪಕ್ಕದಲ್ಲೇ ಹುಲ್ಲು ಮೇಯುತ್ತಿತ್ತು.

ಇದು ಅನ್ಯಾಯ ಎಂದು ಅಡವೆಯ್ಯನಿಗೆ ಅನ್ನಿಸಿತು. ಹತ್ತನೇ ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಅಜ್ಜಾರ, ನಾ ಉಸಿರಾಡೂದೂ ಕೇಳಸಂಗಿಲ್ಲ. ನೀವು ಇಷ್ಟು ಗದ್ಲಾ ಮಾಡ್ತೀರಿ. ಆದ್ರ ಅದು ನಿಮ್ಮ ಹತ್ರ ಬರ್ತೈತಿ, ನನ್ನ ಕಂಡ್ರ ಸರೀತೈತಿ. ಯಾಕ್ರಿ?”

“ಹೊಳಿ ಆಚಿ ಹುಲ್ಲಿನಾಗ ತೋಳ ಅದಾವು. ನೋಡೀ ಏನು?”

“ನೋಡೀನ್ರಿ.”

“ಬ್ಯಾಟಿಗೆ ಹೊಂಚಿದಾಗ ಹೆಂಗ ಕೂಡ್ತಾವು?”

ಅಡವೆಯ್ಯ ಅವನ್ನು ನೆನಪಿಸಿಕೊಂಡ.

ಅಲುಗದೆ. ಉಸಿರು ಕೇಳಿಸದ ಹಾಗೆ. ಕಣ್ಣು ಕೀಳದೆ.

“ಕುದುರಿ ಹುಟ್ಟಿದಾಗಿಂದ ಅಂಥಾ ಧ್ಯಾನಾ ನೋಡೇತಿ,” ಎಂದರು ಅಜ್ಜಾರು.

ಅವತ್ತು ಅಡವೆಯ್ಯನಿಗೆ ಊಟ ಸೇರಲಿಲ್ಲ. ಹನ್ನೊಂದು ವರ್ಷ ತಾನು ಏನನ್ನು ಹಿಡಿಯಲು ಹೊಂಚಿ ಕೂತಿದ್ದೆ ಎಂಬ ಪ್ರಶ್ನೆ ತಟ್ಟೆಯೊಳಗೇ ಬಂದು ಕೂತಿತ್ತು.

ಮರುದಿನ ಅವನು ಕೆಮ್ಮಿದ.

ಹಿತ್ತಲಿನಲ್ಲಿ ಅತ್ತಿಂದಿತ್ತ ಓಡಾಡುತ್ತ, ಹತ್ತು ಹೆಜ್ಜೆಗೊಮ್ಮೆ ತಪ್ಪದೆ ಕೆಮ್ಮಿದ. ಚಪ್ಪಲಿ ಎಳೆದ. ತುರಿಕೆ ಇಲ್ಲದ ಬೆನ್ನನ್ನು ಗೋಡೆಗೆ ಉಜ್ಜಿದ. ಉಜ್ಜುತ್ತಲೇ ಓರೆಗಣ್ಣಿನಿಂದ ಕುದುರೆಯನ್ನು ನೋಡಿದ. ಕುದುರೆ ಗೋಡೆಯ ಆಚೆಗೆ ಕತ್ತು ಚಾಚಿ, ಹಾರುವುದಾದರೆ ಎಲ್ಲಿಂದ ಎಂದು ಲೆಕ್ಕ ಹಾಕುವಂತೆ ನಿಂತಿತ್ತು.

ಅಡುಗೆಯ ಕಲ್ಲವ್ವ ಕಿಟಕಿಯಿಂದ ಇದನ್ನು ನೋಡಿದಳು.

“ಅಯ್ನಾರ, ಮೈಯಾಗ ಹುಷಾರಿಲ್ಲೇನ್ರಿ? ಕಷಾಯ ಮಾಡ್ಲೇನು?”

“ಸುಮ್ನಿರು ಕಲ್ಲವ್ವಾ. ನಾ ಸಹಜ ಇದ್ದೀನಿ.”

“ಇದು ಸಹಜ ಅಂದ್ರ ದೇವರ ಕಾಪಾಡ್ಬೇಕು,” ಎಂದು ಆಕೆ ಒಲೆಯ ಕಡೆ ಹೋದಳು.

ಸಂಜೆ ಅಜ್ಜಾರು ಕರೆದರು.

“ಕೆಮ್ಮು ಬಂದೇತೇನು?”

“ಇಲ್ರಿ.”

“ಮತ್ತ ಕೆಮ್ಮತಿದ್ದಿ?”

“ನೀವು ಕೆಮ್ಮತೀರಲ್ರಿ.”

“ನನಗ ಕೆಮ್ಮು ಐತಿ,” ಎಂದರು ಅಜ್ಜಾರು.

ಮಾರನೆಯ ದಿನ ಬೆಳಗ್ಗೆ ಅವರು ತೊಗರಿಬೇಳೆಯ ಚೀಲವನ್ನೂ ಒಂದು ಮೊರವನ್ನೂ ತಂದು ಅಡವೆಯ್ಯನ ಮುಂದಿಟ್ಟರು.

“ಮಧ್ಯಾಹ್ನ ದಾಸೋಹಕ್ಕ ಅರವತ್ತು ಮಂದಿ ಬರ್ತಾರ. ಬ್ಯಾಳ್ಯಾಗ ಹರಳು ಭಾಳ ಅದಾವು. ಹಸನ ಮಾಡಿ ಕೊಡು. ಹಿತ್ತಲದಾಗ ನೆರಳೈತಿ, ಅಲ್ಲೇ ಕೂಡು.”

“ಅಜ್ಜಾರ, ಇನ್ನ ಒಂಬತ್ತ ದಿನಾ ಉಳದಾವು. ಬ್ಯಾಳಿ ಹಸನ ಮಾಡಾಕ ನನಗೆಲ್ಲಿ ಪುರಸೊತ್ತು?”

“ಮುದುಕರೂ ಬರ್ತಾರ. ಇದ್ದ ನಾಕ ಹಲ್ಲೂ ಹೋದಾವು.”

ಮೊದಮೊದಲು ಅವನ ಕಣ್ಣು ಮೊರಕ್ಕಿಂತ ಕುದುರೆಯ ಕಡೆಗೇ ಹೆಚ್ಚು ಹೋಗುತ್ತಿತ್ತು. ಆದರೆ ಆರಿಸಬೇಕಾದ ಕಲ್ಲಿನ ಹರಳುಗಳು ಬೇಳೆಯ ಬಣ್ಣದವೇ ಆಗಿದ್ದವು. ಒಳಗಿನಿಂದ ಕಲ್ಲವ್ವ, “ಅಯ್ನಾರ, ಎಸರು ಕುದ್ದು ಅರ್ಧ ಆತ್ರಿ, ಬ್ಯಾಳಿ ಎಲ್ಲೇತಿ?” ಎಂದು ಕೂಗುತ್ತಿದ್ದಳು. ಅವನು ಮೊರದ ಮೇಲೆ ಬಗ್ಗಿದ. ಧೂಳಿಗೆ ಸೀನಿದ. “ಬಂತು, ಬಂತು!” ಎಂದು ಸಿಡುಕಿದ. ಅರವತ್ತು ಮಂದಿಯ ಹಲ್ಲು ಅವನ ಬೆರಳ ತುದಿಯಲ್ಲಿತ್ತು.

ಕುದುರೆ ಇದೆ ಎಂಬುದೇ ಅವನಿಗೆ ಮರೆತುಹೋಯಿತು.

ಚೀಲ ಅರ್ಧ ಆಗಿರಬೇಕು. ಕತ್ತಿನ ಹಿಂದೆ ಬಿಸಿ ಉಸಿರು ತಾಗಿತು. ಭುಜದ ಮೇಲಿಂದ ಉದ್ದನೆಯ ಮೂತಿಯೊಂದು ಇಳಿದು ಬಂದು ಮೊರದ ಬೇಳೆಯನ್ನು ಮೂಸಿ ನೋಡಿತು.

ಆಗ ಅವನು ಹರಳು ಆರಿಸುತ್ತಲೇ ಇರಬೇಕಿತ್ತು. ಆದರೆ ಇಷ್ಟೂ ದಿನದ ಆಸೆ ಒಮ್ಮೆಲೇ ಕೈಗೆ ಬಂತು. ಕುದುರೆಯ ಕತ್ತಿನ ಕೂದಲು ಹಿಡಿದುಬಿಟ್ಟ.

ಮರುಕ್ಷಣ ಬೇಳೆ ಹಿತ್ತಲಿನ ತುಂಬ ಇತ್ತು, ಅಡವೆಯ್ಯ ಅಂಗಾತ ಬಿದ್ದಿದ್ದ, ಕುದುರೆ ಹಳೆಯ ಮೂಲೆಯಲ್ಲಿತ್ತು. ದಾಸೋಹ ಎರಡು ತಾಸು ತಡವಾಯಿತು. ತಡವೇಕೆ ಎಂದು ಅರವತ್ತು ಮಂದಿಯೂ ಬಿಡಿಬಿಡಿಯಾಗಿ ಕೇಳಿದರು. ಕಲ್ಲವ್ವ ಪ್ರತಿಯೊಬ್ಬರಿಗೂ ವಿವರವಾಗಿ ಹೇಳಿದಳು.

“ಅಜ್ಜಾರ, ಬಂದಿತ್ರಿ! ತಾನಾಗೇ ಬಂದಿತ್ತು!”

“ನೋಡೀನಿ.”

“ಕೈ ಹಾಕಿದ್ದು ತಪ್ಪೇನ್ರಿ? ನಾ ಏನ ಹೊಡದೆನೇ, ಬಡದೆನೇ?”

ಅಜ್ಜಾರು ಅಡವೆಯ್ಯನ ಮಣಿಕಟ್ಟು ಹಿಡಿದುಕೊಂಡರು. ಹಿಡಿದುಕೊಂಡೇ ಕಲ್ಲವ್ವನನ್ನು ಕರೆದು, ಸಾರಿಗೆ ಉಪ್ಪು ಕಡಿಮೆ ಬಿದ್ದ ಬಗ್ಗೆ ಮಾತಿಗಿಳಿದರು. ಉಪ್ಪಿನ ಮಾತು ಮುಗಿದು ಹುಣಸೆಹಣ್ಣಿನ ಮಾತು ಶುರುವಾಯಿತು. ಅಡವೆಯ್ಯ ಕೈ ಕೊಸರಿದ. ಮತ್ತೆ ಕೊಸರಿದ.

“ಅಜ್ಜಾರ, ಕೈ…”

“ನೋವಾತೇನು?”

“ನೋವಿಲ್ರಿ.”

“ಮತ್ತ ಯಾಕ ಎಳಕೊಂತಿ?”

ಅಜ್ಜಾರು ಕೈ ಬಿಟ್ಟರು. ಆಮೇಲೆ ಅವನ ಭುಜವನ್ನು ಒಮ್ಮೆ ಮುಟ್ಟಿ, ಅವನಿಗೆ ಗೊತ್ತಾಗುವಷ್ಟರಲ್ಲಿ ಕೈ ತೆಗೆದರು.

“ಕೈ ಇಡೂದು ಎಲ್ಲಾರಿಗೂ ಬರ್ತೈತಿ. ತಗಿಯೂದು ಕಲಿ.”

ಮುಂದಿನ ದಿನಗಳಲ್ಲಿ ಆಶ್ರಮದ ಕೆಲಸವೆಲ್ಲ ಹಿತ್ತಲಿಗೆ ಬಂತು. ಅಡವೆಯ್ಯ ಅಲ್ಲಿ ಬೆಳ್ಳುಳ್ಳಿ ಸುಲಿದ, ಹರಿದ ಕಂಬಳಿಗೆ ತೇಪೆ ಹಾಕಿದ, ಹಿತ್ತಾಳೆ ಪಾತ್ರೆ ತಿಕ್ಕಿದ. ನಾಲ್ಕನೇ ದಿನ ಕುದುರೆ ಮತ್ತೆ ಹತ್ತಿರ ಬಂತು. ಅವನು ಹುಣಸೆಹುಳಿ ಮೆತ್ತಿದ ಬೆರಳಿನಿಂದ ಅದರ ಕತ್ತು ಮುಟ್ಟಿದ. ಅದು ಬೇಡ ಎನ್ನುವ ಮೊದಲೇ ಬೆರಳು ತೆಗೆದು ಪಾತ್ರೆ ತಿಕ್ಕಿದ. ಬೆರಳು ಎಲ್ಲಿ ಹೋಯಿತೆಂದು ಕುದುರೆಯೇ ಮೂತಿ ಚಾಚಿ ಹುಡುಕಿತು.

ಹಗ್ಗವನ್ನು ಮೊದಲು ತನ್ನ ಕೊರಳಿಗೆ ಹಾಕಿಕೊಂಡು ಒಂದು ದಿನ ಓಡಾಡಿದ. ಆಮೇಲೆ ಕುದುರೆಯ ಕೊರಳಿಗೆ ಹಾಕಿ ತೆಗೆದ. ಹಾಕಿ ತೆಗೆದ. ಇಪ್ಪತ್ತನೇ ದಿನ ಕುದುರೆ ಅವನ ಹಿಂದೆ ಹತ್ತು ಹೆಜ್ಜೆ ಬಂತು. ಅವತ್ತೇ ಸಂಜೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕಾರಣದ ಬಗ್ಗೆ ಕುದುರೆ ಯಾವ ಹೇಳಿಕೆಯನ್ನೂ ನೀಡಲಿಲ್ಲ.

ಬೇವಿನ ಮರ ಅಲ್ಲಿಂದ ಅರವತ್ತು ಹೆಜ್ಜೆ ದೂರ ಇತ್ತು.

ಹುಣ್ಣಿಮೆಯ ದಿನ ಬೆಳಗ್ಗೆ ಶಿವನಗೌಡರು ಊರ ಹಿರಿಯರನ್ನು ಕರೆದುಕೊಂಡು ಬಂದರು. ಫಕೀರಪ್ಪ ಕಾಲು ಕಟ್ಟುವ ಹಗ್ಗ ಹಿಡಿದು ಬಂದ. ಕಾಡುಪ್ರಾಣಿ ಬೆದರೀತು, ಯಾರೂ ಪಿಟ್ಟೆನ್ನಬಾರದು ಎಂದು ಗೌಡರು ಕಟ್ಟಪ್ಪಣೆ ಮಾಡಿದ್ದರು. ಊರಿನ ಇತಿಹಾಸದಲ್ಲಿ ಮೊದಲ ಬಾರಿಗೆ ಗೌಡರ ಮಾತನ್ನು ಎಲ್ಲರೂ ಕೇಳಿದರು.

ಅಡವೆಯ್ಯ ಕುದುರೆಯ ಕೊರಳಿಗೆ ಹಗ್ಗ ಹಾಕಿ ಹಿತ್ತಲಿನ ಬಾಗಿಲು ದಾಟಿದ. ಕುದುರೆ ಅವನ ಹಿಂದೆ ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟಿತು.

ಬೇವಿನ ಮರದ ಕೆಳಗೆ ಇಪ್ಪತ್ತು ಗಂಡಸರು ಸಾಲಾಗಿ ಕೂತಿದ್ದರು. ಅಲುಗದೆ. ಉಸಿರು ಬಿಗಿಹಿಡಿದು. ಕಣ್ಣು ಕೀಳದೆ.

ಕುದುರೆಯ ಕಿವಿ ನೆಟ್ಟಗಾಯಿತು. ಭುಜದ ಚರ್ಮ ಅದುರಿತು. ಹಗ್ಗವನ್ನು ಒಮ್ಮೆ ಜಗ್ಗಿದರೂ ಎಲ್ಲ ಮುಗಿಯುತ್ತದೆ ಎಂದು ಅಡವೆಯ್ಯನಿಗೆ ಗೊತ್ತಾಯಿತು. ಅಜ್ಜಾರ ಕಡೆ ನೋಡಿದ. ಅಜ್ಜಾರು ಅವನ ಕಡೆ ನೋಡುತ್ತಿರಲಿಲ್ಲ.

“ಗೌಡ್ರ, ಮಾತಾಡ್ರಿ,” ಎಂದ ಅಡವೆಯ್ಯ.

ಗೌಡರು ತುಟಿಯ ಮೇಲೆ ಬೆರಳಿಟ್ಟರು.

“ಏನರ ಮಾತಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!”

ಇಪ್ಪತ್ತೂ ಜನ ಇನ್ನಷ್ಟು ಉಸಿರು ಬಿಗಿಹಿಡಿದರು. ಕುದುರೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿತು.

ಅಡವೆಯ್ಯ ಒಂದು ಗಳಿಗೆ ಯೋಚಿಸಿದ. ಆಮೇಲೆ, ನೆನಪಾಯಿತು ಎಂಬಂತೆ ಕೇಳಿದ.

“ದ್ಯಾಮಣ್ಣಾರ, ಬಸ್ಸು ನಿಲ್ಲೂ ಜಾಗಾ ಕೊನೀಗೆ ಯಾವ ಓಣಿಗೆ ಆತ್ರಿ?”

ಕೆಳಗಿನ ಓಣಿಯ ಹಿರಿಯ ದ್ಯಾಮಣ್ಣ ಪಿಸುಮಾತಿನಲ್ಲಿ, “ನಮ್ಮ ಓಣಿಗೆ” ಎಂದ.

ಗೌಡರ ಬೆರಳು ತುಟಿಯ ಮೇಲೇ ಇತ್ತು. “ಯಾವ ಮಗ ಹೇಳಿದ?”

“ಎಲ್ಲಾರೂ ಹೇಳ್ತಾರ.”

“ನಿಮ್ಮ ಓಣ್ಯಾಗ ಬಸ್ಸು ತಿರುಗಬೇಕಂದ್ರ ನಿನ್ನ ಮನಿ ಕಟ್ಟಿ ಒಡೀಬೇಕಾಗ್ತೈತಿ!”

“ನಮ್ಮ ಕಟ್ಟಿ ಮುಟ್ಟು, ನೋಡೂಣು!”

ಎರಡು ವರ್ಷದಿಂದ ಬಗೆಹರಿಯದ ವಿಷಯ ಅದು. ಅರ್ಧ ನಿಮಿಷದಲ್ಲಿ ಇಪ್ಪತ್ತೂ ಜನ ಎದ್ದು ನಿಂತಿದ್ದರು. ಕೈ ಬೀಸಿದರು, ತೊಡೆ ತಟ್ಟಿದರು, ಒಬ್ಬರ ರುಮಾಲು ಬಿಚ್ಚಿ ನೆಲಕ್ಕೆ ಬಿತ್ತು. ಅವರಲ್ಲಿ ಯಾರೂ ಕುದುರೆಯ ಕಡೆ ನೋಡಲಿಲ್ಲ.

ಕುದುರೆ ತಲೆ ತಗ್ಗಿಸಿತು. ದೊಡ್ಡದಾಗಿ ಉಸಿರು ಬಿಟ್ಟಿತು. ತುಟಿ ಚಪ್ಪರಿಸಿತು.

ಅಡವೆಯ್ಯ ಅದಕ್ಕೆ ಬೆನ್ನು ತಿರುಗಿಸಿ ನಡೆದ. ಹಿಂದೆ ನೋಡಬೇಕೆಂದು ಕತ್ತು ತುಡಿಯುತ್ತಿತ್ತು. ನೋಡಲಿಲ್ಲ. ಹನ್ನೊಂದು ವರ್ಷ ಅಲುಗದೆ ಕೂತದ್ದು ಇದಕ್ಕಿಂತ ಸುಲಭವಿತ್ತು. ಎಷ್ಟು ಹೆಜ್ಜೆ ಎಂದು ಎಣಿಸಲಿಲ್ಲ. ಬೇವಿನ ಮರ ಕೈಗೆ ತಾಗಿದಾಗ ನಿಂತ. ಬಗಲಲ್ಲೇ ಕುದುರೆಯೂ ನಿಂತಿತು. ಅದರ ಕತ್ತು ಮುಟ್ಟಿ, ಕೈ ತೆಗೆದ.

ಜಗಳ ಎಷ್ಟೋ ಹೊತ್ತಿನ ಮೇಲೆ, ದಣಿವಿನಿಂದ ನಿಂತಿತು. ಗೌಡರು ಬೆವರು ಒರೆಸಿಕೊಂಡು ಕೂತರು.

“ಆತು. ಈಗ ಕುದುರಿ ತರ್ರಿ.”

“ತಂದೀನ್ರಿ ಗೌಡ್ರ.”

“ಯಾವಾಗ? ನಾವ್ಯಾರೂ ನೋಡೇ ಇಲ್ಲಲ್ಲ?”

“ಗೌಡ್ರು ಹೇಳೂದು ಖರೆ ಐತಿ,” ಎಂದ ದ್ಯಾಮಣ್ಣ. “ಮತ್ತೊಮ್ಮೆ ತರಬೇಕು.”

“ನಾ ನೋಡೀನ್ರಿ.”

ಎಲ್ಲರೂ ತಿರುಗಿದರು. ಫಕೀರಪ್ಪ ಪಕ್ಕದಲ್ಲಿ ಒಬ್ಬನೇ ನಿಂತು, ತಂದಿದ್ದ ಹಗ್ಗವನ್ನು ಮೊಣಕೈಗೆ ಸುತ್ತುತ್ತಿದ್ದ.

“ಹಗ್ಗ ಒಮ್ಮೆನೂ ಬಿಗಿ ಆಗಲಿಲ್ರಿ.”

“ನೋಡೀನಿ ಅಂದ್ರ ಲುಕ್ಸಾನ ನಿನಗ ಅಲ್ಲೇನೋ?” ಎಂದರು ಗೌಡರು.

“ಹೌದ್ರಿ. ಆದ್ರ ನೋಡೀನಲ್ರಿ.”

ಕುದುರೆ ಆಶ್ರಮಕ್ಕೆ ಸೇರಿತು. ಫಕೀರಪ್ಪ ಕಲ್ಲವ್ವನ ಹತ್ತಿರ ಎರಡು ತಂಬಿಗೆ ನೀರು ಕೇಳಿ ಕುಡಿದು ಹೋದ. ಬಸ್ಸು ನಿಲ್ಲುವ ಜಾಗದ ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು.

ಎಲ್ಲರೂ ಹೋದ ಮೇಲೆ ಅಡವೆಯ್ಯ ಅಜ್ಜಾರ ಕಾಲ ಬಳಿ ಕುಕ್ಕರಿಸಿದ.

“ನಂಬಿತ್ರಿ ಅಜ್ಜಾರ. ಅಂತೂ ಕುದುರಿ ನನ್ನ ನಂಬಿಬಿಡ್ತು.”

ಕುದುರೆ ಬೇವಿನ ಬೊಡ್ಡೆಗೆ ಕತ್ತು ಉಜ್ಜುತ್ತಿತ್ತು. ಅಜ್ಜಾರು ಅದನ್ನು ನೋಡಿದರು.

“ಇವತ್ತ ನಂಬೇತಿ,” ಎಂದರು.